ಟ್ರೇನರ್ ಆಯ್ತು, ಮುಂದೇನು? ಕಬ್, ಸೆಸ್ನಾ, ಟೈಗರ್ ಮಾತ್‌ಗಳಲ್ಲಿ ಯಾವುದು?

ಹೊಸರೆಕ್ಕೆ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸದ್ಯ ಇರುವುದು ಫೋಮ್ ಟ್ರೇನರ್, ಅಂದರೆ ರೇಡಿಯೊದಿಂದ ಹಾರಿಸುವ, ಕಲಿಯುವವರ ಮಾಡೆಲ್ ವಿಮಾನ. ರೆಕ್ಕೆ ಮೇಲೆ, ಮೂಗಿನ ಕೆಳಗೊಂದು ಗಾಲಿ, ಹಿಂದೆ ಎರಡು. ಟೇಕಾಫ್, ಲ್ಯಾಂಡಿಂಗ್, ಎಂಟರ ಆಕಾರದ ಸುತ್ತು ಎಲ್ಲ ಈಗ ಸಲೀಸು. ತಲೆಕೆಳಗೆ ಹಾರಿಸುವ ಹುಚ್ಚು ನನಗಿಲ್ಲ. ನೋಡಿದರೆ ನಿಜವಾದ ಹಳೇ ವಿಮಾನ ಅನ್ನಿಸಬೇಕು, ನಿಧಾನವಾಗಿ ಹಾರಬೇಕು, ಅಷ್ಟೇ ಆಸೆ.

ಮೂರು ಕಣ್ಣಿಗೆ ಬಿದ್ದಿವೆ. ಹಳದಿ ಪೈಪರ್ ಜೆ-3 ಕಬ್, ಸೆಸ್ನಾ 172, ಡಿ ಹ್ಯಾವಿಲ್ಯಾಂಡ್ ಟೈಗರ್ ಮಾತ್. ಹಾರಿಸುವ ಜಾಗ ಹುಲ್ಲಿನ ಮೈದಾನ. ಉದ್ದ ಕಮ್ಮಿ, ಒಂದು ತುದಿಯಲ್ಲಿ ಸಾಲು ಮರ. ಫೋಮ್ ತಗೊಳ್ಳಲಾ, ಬಾಲ್ಸಾ ಮರದ್ದಾ? ಎಷ್ಟು ದೊಡ್ಡದು? ವಿಮಾನ ಅಲ್ಲಾಡಿದರೆ ತಾನೇ ಸರಿ ಮಾಡುವ ಗೈರೊ ಇರುವ ರಿಸೀವರ್ ಬೇಕಾ? ಕಬ್ ಅಂದರೆ ಕಲಿಯುವವರ ವಿಮಾನ, ಕಣ್ಣು ಮುಚ್ಚಿ ತಗೋ ಅಂತ ಸುಮಾರು ಜನ ಹೇಳುತ್ತಾರೆ. ಅದು ನಿಜವಾ?

ಅರ್ಧಥ್ರಾಟಲ್
ಕಬ್. ಎರಡು ಮಾತೇ ಇಲ್ಲ.

ರಡ್ಡರ್‌ರಾಯ
ಇದೆ ಸರ್, ಎರಡನೇ ಮಾತು ಇದೆ.

ಕಲಿಯುವವರ ವಿಮಾನ ಅನ್ನುವ ಹೆಸರು ಬಂದಿದ್ದು ನಿಜವಾದ ಕಬ್‌ನಿಂದ. 1938ರಿಂದ 1947ರವರೆಗೆ ಹತ್ತಿರ ಹತ್ತಿರ 20,000 ಜೆ-3 ತಯಾರಾದವು, ಲೆಕ್ಕವಿಲ್ಲದಷ್ಟು ಜನ ಅದರಲ್ಲೇ ಹಾರಲು ಕಲಿತರು. ಆದರೆ ಅವರ ಜೊತೆ ಒಬ್ಬ ಗುರು ಕೂತು "ರಡ್ಡರ್ ಒತ್ತು, ರಡ್ಡರ್ ಒತ್ತು" ಅಂತ ಗದರುತ್ತಿದ್ದ. ರಡ್ಡರ್ ಅಂದರೆ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ. ಮಾಡೆಲ್ ತಗೊಂಡವರಿಗೆ ಆ ಗುರು ಸಿಗುವುದಿಲ್ಲ.

ಕಬ್‌ನ ರೆಕ್ಕೆ ಉದ್ದ, ವಿಮಾನವನ್ನು ವಾಲಿಸುವ ಏಲೆರಾನ್ ಪಟ್ಟಿ ತುದಿಯ ಹತ್ತಿರ. ಎಡಕ್ಕೆ ತಿರುಗಿಸೋಣ ಅಂತ ರೇಡಿಯೊ ಕಡ್ಡಿ ತಳ್ಳಿದರೆ ಬಲ ರೆಕ್ಕೆಯ ಏಲೆರಾನ್ ಕೆಳಗೆ ಇಳಿಯುತ್ತದೆ. ಆ ಕಡೆ ಲಿಫ್ಟ್ (ಮೇಲೆತ್ತುವ ಬಲ) ಜಾಸ್ತಿ ಆಗುತ್ತದೆ, ಜೊತೆಗೆ ಡ್ರ್ಯಾಗ್ (ಗಾಳಿಯ ಎಳೆತ) ಕೂಡ ಜಾಸ್ತಿ. ಹಾಗಾಗಿ ವಿಮಾನ ಎಡಕ್ಕೆ ವಾಲುತ್ತದೆ, ಮೂಗು ಮಾತ್ರ ಬಲಕ್ಕೆ ಹೋಗುತ್ತದೆ. ಇದಕ್ಕೆ ಅಡ್ವರ್ಸ್ ಯಾ ಅನ್ನುತ್ತಾರೆ. ಟ್ರೇನರ್‌ನಲ್ಲಿ ಇದು ಕಣ್ಣಿಗೆ ಕಾಣದಷ್ಟು ಕಮ್ಮಿ. ಕಬ್‌ನಲ್ಲಿ ನೆಲದಿಂದಲೇ ಕಾಣುತ್ತದೆ, ಬಾಲ ಒಂದು ಕಡೆ ಜಾರಿಕೊಂಡು, ಏಡಿ ನಡೆದ ಹಾಗೆ ವಿಮಾನ ಅಡ್ಡಡ್ಡ ಹೋಗುತ್ತದೆ. ಮೇಲೆ ಇದ್ದಾಗ ಪರವಾಗಿಲ್ಲ. ಲ್ಯಾಂಡಿಂಗ್‌ಗೆ ಬರುವ ಕೊನೇ ತಿರುವಿನಲ್ಲಿ, ವೇಗ ಕಮ್ಮಿ ಇದ್ದಾಗ ಹೀಗಾದರೆ ಒಂದು ರೆಕ್ಕೆ ಮೊದಲು ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳಕೊಂಡು, ಗಿರಕಿ ಹೊಡೆಯುತ್ತದೆ.

ಕಬ್ ಬೇಡ ಅನ್ನುತ್ತಿಲ್ಲ. ತಗೊಳ್ಳಿ. ಆದರೆ ಎಡ ಹೆಬ್ಬೆರಳಿಗೆ ಈಗಿನಿಂದಲೇ ಕೆಲಸ ಕೊಡಿ.

ಹೊಸರೆಕ್ಕೆ
ಸರ್, ನೆಲ ಬಿಟ್ಟ ಮೇಲೆ ನನ್ನ ಎಡಗೈ ಥ್ರಾಟಲ್‌ಗೆ ಮಾತ್ರ. ರಡ್ಡರ್ ಮುಟ್ಟುವುದೇ ಇಲ್ಲ.

ರಡ್ಡರ್‌ರಾಯ
ಹಾಗಾದರೆ ಅದೇ ಟ್ರೇನರ್‌ನಲ್ಲಿ ಶುರು ಮಾಡಿ. ಏಲೆರಾನ್ ಮತ್ತು ರಡ್ಡರ್ ಒಟ್ಟೊಟ್ಟಿಗೆ, ಒಂದೇ ಕಡೆಗೆ. ವಾಲುವ ಕೆಲಸ ಮುಗಿದ ತಕ್ಷಣ ಎರಡನ್ನೂ ನಡುವಿಗೆ ತನ್ನಿ. ಮನೆಯಲ್ಲಿ ಸಿಮ್ಯುಲೇಟರ್ ಇದ್ದರೆ ಕಬ್ ಹಾಕಿಕೊಂಡು ಬರೀ ಈ ತಿರುವುಗಳನ್ನೇ ಆಡಿ. ಬೇಜಾರು ಬರುವಷ್ಟು.

ಮೂರನೇಗಾಲಿ
ಇಷ್ಟೆಲ್ಲ ಯಾಕೆ ಬೇಕು? ಸೆಸ್ನಾ 172 ತಗೊಂಡರೆ ಮುಗಿಯಿತು. 1955ರಲ್ಲಿ ಮೊದಲು ಹಾರಿದ್ದು, ಇವತ್ತಿಗೂ ತಯಾರಾಗುತ್ತಿದೆ, 44,000ಕ್ಕೂ ಜಾಸ್ತಿ ಆಗಿವೆ. ಕಬ್ ಅಭಿಮಾನಿಗಳಿಗೆ ಈ ಅಂಕಿ ಹೇಳಿದರೆ ಸ್ವಲ್ಪ ಉರಿ ಹತ್ತುತ್ತದೆ, ಗೊತ್ತು. ಮೂಗಿನ ಗಾಲಿ ಇರುವುದರಿಂದ ನೆಲದ ಮೇಲೆ ನೆಟ್ಟಗೆ ಓಡುತ್ತದೆ. ರೆಕ್ಕೆಯ ಹಿಂದಂಚಿನಲ್ಲಿ, ನಿಧಾನವಾಗಿ ಇಳಿಯಲು ಕೆಳಗೆ ಬಗ್ಗಿಸುವ ಫ್ಲ್ಯಾಪ್ ಇದೆ. ಮರದ ಸಾಲು ಇರುವ ಗಿಡ್ಡ ಮೈದಾನಕ್ಕೆ ಫ್ಲ್ಯಾಪ್ ಬೇಕೇ ಬೇಕು.

ತೇಲುಮೋಡ
ಹುಲ್ಲಿನಲ್ಲಿ ಆ ಮೂಗಿನ ಗಾಲಿ ಎಷ್ಟು ದಿನ ಉಳಿಯುತ್ತದೆ ಅಂತಾನೂ ಹೇಳಿಬಿಡಿ ಅಣ್ಣ 😄

ನಮ್ಮ ಜೊತೆ ಹಾರಿಸುವವರೊಬ್ಬರ ಸೆಸ್ನಾ ಹೇಳುತ್ತೇನೆ. ಗಾಲಿ ಚಿಕ್ಕದು, ಮೇಲೆ ಅಂದದ ಪ್ಲಾಸ್ಟಿಕ್ ವೀಲ್ ಪ್ಯಾಂಟ್. ಹುಲ್ಲು ಅದರೊಳಗೆ ತುರುಕಿಕೊಂಡು ಗಾಲಿ ನಿಂತೇ ಹೋಗುತ್ತದೆ. ಲ್ಯಾಂಡಿಂಗ್ ಸ್ವಲ್ಪ ಜೋರಾದರೆ ಮೂಗಿನ ಗಾಲಿ ಮೊದಲು ತಾಗುತ್ತದೆ. ಕಂಬಿ ಹಿಂದಕ್ಕೆ ಬಾಗುತ್ತದೆ, ಅದನ್ನು ಕೂರಿಸಿದ ಪ್ಲಾಸ್ಟಿಕ್ ತುಂಡು ಫೋಮ್ ಸಮೇತ ಕಿತ್ತು ಬರುತ್ತದೆ. ಅಂಟಿಸಿದ ಜಾಗವೇ ಮತ್ತೆ ಕೀಳುತ್ತದೆ. ಈಗ ಅಲ್ಲಿ ಫೋಮ್‌ಗಿಂತ ಅಂಟೇ ಜಾಸ್ತಿ ಇದೆ.

ಮೂರನೇಗಾಲಿ
ಅದು ಲ್ಯಾಂಡಿಂಗ್ ಮಾಡಿದವರ ತಪ್ಪು, ಸೆಸ್ನಾದ್ದಲ್ಲ. ಹಿಂದಿನ ಎರಡು ಗಾಲಿ ಮೊದಲು ಕೂರಬೇಕು, ಮೂಗನ್ನು ಎಲಿವೇಟರ್‌ನಿಂದ (ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ) ಹಿಡಿದುಕೊಂಡೇ ಇರಬೇಕು. ಅದಾಗಿಯೇ ಇಳಿಯುವವರೆಗೆ ಬಿಡಬಾರದು. ವೀಲ್ ಪ್ಯಾಂಟ್ ಹುಲ್ಲಿನಲ್ಲಿ ಬಿಚ್ಚಿಡಬೇಕು, ಇದು ಯಾರಿಗಾದರೂ ಗೊತ್ತಿರುವ ವಿಷಯ.

ಅರ್ಧಥ್ರಾಟಲ್
ವೀಲ್ ಪ್ಯಾಂಟ್ ಬಿಚ್ಚಿದ ಸೆಸ್ನಾ ಸಪ್ಪೆಯಾಗಿ ಕಾಣುತ್ತದೆ. ಕಬ್ ದಪ್ಪ ಗಾಲಿ ಹಾಕಿಕೊಂಡೇ ಹುಟ್ಟಿದ್ದು.

ಎರಡುರೆಕ್ಕೆ
ಟೈಗರ್ ಮಾತ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ, ನಾನೇ ಹೇಳುತ್ತೇನೆ. ನನಗೆ ಅದರ ಮೇಲೆ ಪ್ರಾಣ. ಆದರೂ ನಿಮ್ಮ ಎರಡನೇ ವಿಮಾನವಾಗಿ ಬೇಡ ಅನ್ನುತ್ತೇನೆ.

ಎರಡು ರೆಕ್ಕೆ, ನಡುವೆ ಕಂಬ, ತಂತಿ, ಮುಂದೆ ತೆರೆದ ಕಾಕ್‌ಪಿಟ್. ಇವೆಲ್ಲ ಸೇರಿ ಗಾಳಿಯಲ್ಲಿ ಭಾರೀ ಡ್ರ್ಯಾಗ್. ಟ್ರೇನರ್‌ನಲ್ಲಿ ಥ್ರಾಟಲ್ ಪೂರ್ತಿ ಇಳಿಸಿ ತೇಲಿಸಿಕೊಂಡು ಬಂದು ಇಳಿಸುವ ಅಭ್ಯಾಸ ಇರುತ್ತದೆ ಅಲ್ವಾ? ಮಾತ್‌ನಲ್ಲಿ ಹಾಗೆ ಮಾಡಿದರೆ ಎರಡೇ ಕ್ಷಣದಲ್ಲಿ ವೇಗ ಸತ್ತುಹೋಗುತ್ತದೆ. ಗಾಲಿ ನೆಲ ಮುಟ್ಟುವವರೆಗೂ ಸ್ವಲ್ಪ ಥ್ರಾಟಲ್ ಇಟ್ಟುಕೊಂಡೇ ಬರಬೇಕು. ಗಾಲಿಗಳು ತೀರಾ ಮುಂದಿಲ್ಲದ ಕಾರಣ ಹುಲ್ಲಿನಲ್ಲಿ ಮೂಗು ಊರಿ ಮಗುಚುವ ಚಾಳಿ ಬೇರೆ.

ಏಲೆರಾನ್ ಕೆಳಗಿನ ರೆಕ್ಕೆಯಲ್ಲಿ ಮಾತ್ರ. ನಿಜವಾದ ಮಾತ್‌ನಲ್ಲೂ ಅಷ್ಟೇ. 1931ರಲ್ಲಿ ಮಾಡಿದವರಿಗೂ ರಡ್ಡರ್‌ರಾಯರ ಈ ಅಡ್ವರ್ಸ್ ಯಾ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮೇಲೆ ಏಳುವ ಏಲೆರಾನ್ ಜಾಸ್ತಿ ಏಳುತ್ತದೆ, ಕೆಳಗೆ ಇಳಿಯುವುದು ಹೆಸರಿಗಷ್ಟೇ ಇಳಿಯುತ್ತದೆ. ಅಷ್ಟು ಮಾಡಿದರೂ ರಡ್ಡರ್ ಬೇಕೇ ಬೇಕು.

ಇನ್ನು ಸಿಜಿ, ಅಂದರೆ ವಿಮಾನದ ತೂಕ ಸಮ ನಿಲ್ಲುವ ಜಾಗ. ಮೇಲಿನ ರೆಕ್ಕೆ ಮುಂದೆ ಚಾಚಿದೆ, ಎರಡೂ ರೆಕ್ಕೆ ಹಿಂದಕ್ಕೆ ಓರೆಯಾಗಿವೆ. ಮುಂದಿನ ಸೀಟಿನವರು ಪ್ಯಾರಾಚೂಟ್ ಸಮೇತ ಹೊರಬರಲು ಜಾಗ ಇರಲಿ ಅಂತ ಮೇಲಿನ ರೆಕ್ಕೆ ಮುಂದೆ ತಂದರು, ಆಮೇಲೆ ತೂಕ ಸರಿಹೋಗಲಿ ಅಂತ ರೆಕ್ಕೆಗಳನ್ನು ಓರೆ ಮಾಡಿದರು. ಹಾಗಾಗಿ ರೆಕ್ಕೆಯ ಅಗಲದ ಮೂರನೇ ಒಂದು ಭಾಗ ಅಂತ ಕಣ್ಣಂದಾಜಿನಲ್ಲಿ ಬೆರಳಿಟ್ಟು ನೋಡುವ ಹಾಗಿಲ್ಲ. ಮ್ಯಾನುಯಲ್‌ನಲ್ಲಿ ಎಲ್ಲಿಂದ ಅಳೆಯಬೇಕು ಅಂತ ಇದೆಯೋ ಅಲ್ಲಿಂದಲೇ ಅಳೆಯಬೇಕು.

ಮೈದಾನದಲ್ಲಿ ಜೋಡಿಸುವಷ್ಟರಲ್ಲಿ ಬೇರೆಯವರು ಒಂದು ಸುತ್ತು ಹಾರಿಸಿ ಚಾರ್ಜ್‌ಗೆ ಹಾಕಿರುತ್ತಾರೆ.

ತೇಲುಮೋಡ
ಆದರೆ ಮೇಡಂ, ಸಂಜೆ ಬಿಸಿಲಲ್ಲಿ ಮಾತ್ ತಲೆ ಮೇಲೆ ಹಾದುಹೋದರೆ ಮಿಕ್ಕವರೆಲ್ಲ ತಮ್ಮ ವಿಮಾನ ಬಿಟ್ಟು ಅದನ್ನೇ ನೋಡುತ್ತಾರೆ.

ಎರಡುರೆಕ್ಕೆ
ಅದಕ್ಕೇ ಇನ್ನೂ ಇಟ್ಟುಕೊಂಡಿದ್ದೇನೆ.

ಲೆಕ್ಕದಮೇಷ್ಟ್ರು
ಎಷ್ಟು ದೊಡ್ಡದು ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಪ್ರಕಾರ ಯಾವ ವಿಮಾನ ಅನ್ನುವುದಕ್ಕಿಂತ ಇದೇ ಮುಖ್ಯ.

ಕಬ್ ಲೆಕ್ಕ ಹಾಕೋಣ. ನಿಜವಾದ ಜೆ-3 ರೆಕ್ಕೆ ತುದಿಯಿಂದ ತುದಿಗೆ 10.7 ಮೀಟರ್, ಪೂರ್ತಿ ತುಂಬಿದ ತೂಕ ಸುಮಾರು 550 ಕಿಲೊ. ಕಾಲುಪಾಲು ಅಳತೆಯ ಮಾಡೆಲ್ ಅಂದರೆ ರೆಕ್ಕೆ ಸುಮಾರು 2.7 ಮೀಟರ್. ಉದ್ದ, ಅಗಲ, ಎತ್ತರ ಮೂರೂ ನಾಲ್ಕರಿಂದ ಭಾಗ ಆಗುವುದರಿಂದ ತೂಕ 64ರಿಂದ ಭಾಗ ಆಗಬೇಕು, ಅಂದರೆ 8.6 ಕಿಲೊ ಹತ್ತಿರ. ವೇಗ ಮಾತ್ರ ನಾಲ್ಕರ ವರ್ಗಮೂಲದಿಂದ ಭಾಗ, ಅಂದರೆ ಅರ್ಧ. ನಿಜವಾದದ್ದು ಗಂಟೆಗೆ 120 ಕಿ.ಮೀ.ನಲ್ಲಿ ಆರಾಮಾಗಿ ಹೋಗುತ್ತದೆ, 60ರ ಸುಮಾರಿಗೆ ಸ್ಟಾಲ್ ಆಗುತ್ತದೆ. ಕಾಲುಪಾಲಿನದ್ದು 60ರಲ್ಲಿ ಹೋಗಬೇಕು, 30ಕ್ಕೆ ಸ್ಟಾಲ್.

ಈಗ 1.2 ಮೀಟರ್ ಫೋಮ್ ಕಬ್ ತಗೊಳ್ಳಿ. ಒಂಬತ್ತನೇ ಒಂದು ಪಾಲು. ತೂಕ 729ರಿಂದ ಭಾಗಿಸಿದರೆ ಮುಕ್ಕಾಲು ಕಿಲೊ. ವೇಗ ಮೂರರಲ್ಲಿ ಒಂದು, ಅಂದರೆ 40 ಕಿ.ಮೀ. ಆದರೆ ಮೈದಾನದಲ್ಲಿ ಜನ ಥ್ರಾಟಲ್ ಪೂರ್ತಿ ಒತ್ತಿ 70ರಲ್ಲಿ ಓಡಿಸುತ್ತಾರೆ. ಅದು ನಿಜವಾದ ಕಬ್ 210 ಕಿ.ಮೀ.ನಲ್ಲಿ ಹೋದ ಲೆಕ್ಕ! ಆಮೇಲೆ "ಯಾಕೋ ನಿಜವಾದ ವಿಮಾನದ ಹಾಗೆ ಕಾಣುತ್ತಿಲ್ಲ" ಅಂತಾರೆ.

ಅರ್ಧಥ್ರಾಟಲ್
ನನ್ನ ಹೆಸರಿನ ಅರ್ಥ ಒಬ್ಬರಿಗಾದರೂ ಗೊತ್ತಾಯಿತು 🙏

ಹೊಸರೆಕ್ಕೆ
ಮೇಷ್ಟ್ರೇ, ಹಾಗಾದರೆ ದೊಡ್ಡದಾದಷ್ಟೂ ಒಳ್ಳೆಯದಾ? ಚಿಕ್ಕದು ನಿಧಾನ ಹೋಗುತ್ತದಲ್ಲ, ಅದೇ ಸುಲಭ ಅಲ್ವಾ?

ಲೆಕ್ಕದಮೇಷ್ಟ್ರು
ಗಾಳಿ ಇಲ್ಲದ ದಿನ ಚಿಕ್ಕದು ಸುಲಭ. ಆದರೆ ಗಾಳಿಯನ್ನು ಯಾರೂ ಒಂಬತ್ತರಿಂದ ಭಾಗಿಸಿ ಕೊಡುವುದಿಲ್ಲ. 15 ಕಿ.ಮೀ. ಗಾಳಿ ಬೀಸಿದರೆ 120ರಲ್ಲಿ ಹೋಗುವ ನಿಜವಾದ ಕಬ್‌ಗೆ ಅದು ಎಂಟನೇ ಒಂದು ಪಾಲು. 40ರಲ್ಲಿ ಹೋಗುವ ನಿಮ್ಮ ಮಾಡೆಲ್‌ಗೆ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಮುಕ್ಕಾಲು ಕಿಲೊ ತೂಕ, ಅಷ್ಟಗಲ ರೆಕ್ಕೆ, ಎತ್ತಿ ಎತ್ತಿ ಒಗೆಯುತ್ತದೆ. ದೊಡ್ಡದು ಗಾಳಿಯಲ್ಲಿ ಅಲ್ಲಾಡುವುದು ಕಮ್ಮಿ, ಅಲ್ಲಾಡಿದರೂ ನಿಧಾನವಾಗಿ ಅಲ್ಲಾಡುತ್ತದೆ, ಸರಿ ಮಾಡಲು ಸಮಯ ಸಿಗುತ್ತದೆ. ದೂರ ಹೋದಾಗ ಯಾವ ಕಡೆ ವಾಲಿದೆ ಅಂತ ಕಣ್ಣಿಗೂ ಕಾಣುತ್ತದೆ.

ದೊಡ್ಡದಕ್ಕೆ ಗಾಡಿಯಲ್ಲಿ ಜಾಗ ಬೇಕು, ದೊಡ್ಡ ಬ್ಯಾಟರಿ ಬೇಕು, ಬಿದ್ದರೆ ಏಟೂ ದೊಡ್ಡದು. ನಿಮಗೆ 1.4ರಿಂದ 1.8 ಮೀಟರ್ ಒಳಗೆ ಸಾಕು.

ಗಾಳಿಗುಮ್ಮ
ಇಷ್ಟು ಹೊತ್ತಾಯಿತು, ಗೈರೊ ಮಾತು ಯಾರೂ ಎತ್ತಿಲ್ಲ. ಈಗಿನ ರಿಸೀವರ್‌ಗಳಲ್ಲಿ ಗೈರೊ ಒಳಗೇ ಬರುತ್ತದೆ. ಹಾಕಿಕೊಂಡರೆ ಗಾಳಿಯೂ ಇಲ್ಲ, ಅಡ್ವರ್ಸ್ ಯಾನೂ ಇಲ್ಲ, ರಡ್ಡರ್‌ರಾಯರ ಬೈಗುಳವೂ ಇಲ್ಲ.

ರಡ್ಡರ್‌ರಾಯ
ಬೈಗುಳ ಇದ್ದೇ ಇರುತ್ತದೆ ಮಾರಾಯ್ರೆ. ಗೈರೊ ಆನ್ ಮಾಡಿಕೊಂಡು ಕಲಿತವರು ಗೈರೊ ಆಫ್ ಆದ ದಿನ ಏನು ಮಾಡುತ್ತಾರೆ?

ಗಾಳಿಗುಮ್ಮ
ಆಫ್ ಯಾಕೆ ಮಾಡುತ್ತಾರೆ? ಸೈಕಲ್ ಬ್ರೇಕ್ ಕಿತ್ತು ಕಲಿ ಅಂದ ಹಾಗಾಯಿತು ನಿಮ್ಮದು.

ಬಾಲ್ಸಾಪ್ರಿಯ
ಇಬ್ಬರೂ ಸ್ವಲ್ಪ ಇಳಿಯಿರಿ. ಗೈರೊದಲ್ಲಿ ಎರಡು ಬಗೆ ಇದೆ, ಅದನ್ನು ಬೇರೆ ಬೇರೆ ಮಾಡಿ ಮಾತಾಡಬೇಕು. ಕಡ್ಡಿ ಬಿಟ್ಟರೆ ತಾನೇ ನೆಟ್ಟಗಾಗುವ ಆಟೊ ಲೆವೆಲ್ ಒಂದು. ಅದು ನೀವು ತಿರುಗಿಸುವಾಗಲೂ ಎದುರು ತಳ್ಳುತ್ತಿರುತ್ತದೆ, ಅದರಲ್ಲಿ ಹಾರಿಸಿದರೆ ಕಬ್‌ನ ಗುಣವೇ ಕೈಗೆ ಗೊತ್ತಾಗುವುದಿಲ್ಲ. ಇನ್ನೊಂದು, ಗಾಳಿಯ ಏಟನ್ನಷ್ಟೇ ತಡೆಯುವುದು. ಅದು ಇರಲಿ, ತಪ್ಪೇನಿಲ್ಲ. ನಾನೂ ಗಾಳಿ ದಿನ ಹಾಕಿಕೊಳ್ಳುತ್ತೇನೆ.

ಆದರೆ ಹೊಸರೆಕ್ಕೆಯವರೇ, ಗೈರೊ ಹಾಕಿದರೆ ಮೊದಲ ಹಾರಾಟಕ್ಕೆ ಮುಂಚೆ ಇದನ್ನು ಮಾಡದೆ ಬಿಡಬೇಡಿ. ಪ್ರಾಪೆಲರ್ (ಪ್ರಾಪ್) ಬಿಚ್ಚಿಡಿ. ಗೈರೊ ಆನ್ ಮಾಡಿ, ರೇಡಿಯೊ ಕಡ್ಡಿ ಮುಟ್ಟಬೇಡಿ. ವಿಮಾನದ ಹಿಂದೆ ನಿಂತು ಎರಡೂ ಕೈಯಲ್ಲಿ ಹಿಡಿದು ಬಲ ರೆಕ್ಕೆಯನ್ನು ಸರಕ್ಕನೆ ಕೆಳಗೆ ವಾಲಿಸಿ. ಬಲ ಏಲೆರಾನ್ ಕೆಳಗೆ ಇಳಿಯಬೇಕು, ಎಡದ್ದು ಮೇಲೇಳಬೇಕು. ಮೂಗು ಮೇಲೆತ್ತಿದರೆ ಎಲಿವೇಟರ್ ಕೆಳಗೆ ಹೋಗಬೇಕು. ಮೂಗು ಎಡಕ್ಕೆ ತಿರುಗಿಸಿದರೆ ರಡ್ಡರ್ ಬಲಕ್ಕೆ. ಇದರಲ್ಲಿ ಒಂದು ಉಲ್ಟಾ ಇದ್ದರೂ ಗೈರೊ ಸಣ್ಣ ವಾಲನ್ನು ದೊಡ್ಡದು ಮಾಡುತ್ತದೆ, ನೆಲ ಬಿಟ್ಟ ಕ್ಷಣ ವಿಮಾನ ಮಗುಚುತ್ತದೆ. ಕಡ್ಡಿ ಸರಿಯಾಗಿ ಕೆಲಸ ಮಾಡುತ್ತದೆ ಅಂದ ಮಾತ್ರಕ್ಕೆ ಗೈರೊ ದಿಕ್ಕು ಸರಿ ಇದೆ ಅಂತಲ್ಲ. ಎರಡರ ಸೆಟ್ಟಿಂಗ್ ಬೇರೆ ಬೇರೆ.

ಗಾಳಿಗುಮ್ಮ
ಇದನ್ನು ಒಪ್ಪುತ್ತೇನೆ. ಎಲ್ಲರೂ ಬರೆದಿಟ್ಟುಕೊಳ್ಳಿ.

ಹೊಸರೆಕ್ಕೆ
ಬರೆದಿಟ್ಟುಕೊಂಡೆ. ರೇಡಿಯೊದಲ್ಲಿ ಏಲೆರಾನ್ ಜೊತೆ ರಡ್ಡರ್ ತಾನೇ ತಿರುಗುವ ಹಾಗೆ ಮಿಕ್ಸ್ ಮಾಡಿದರೆ ಸಾಕಾಗುವುದಿಲ್ಲವಾ?

ಬಾಲ್ಸಾಪ್ರಿಯ
ಮಿಕ್ಸ್ ಆಮೇಲೆ, ಮೊದಲು ಡಿಫರೆನ್ಶಿಯಲ್ ಹಾಕಿ. ಎರಡು ಏಲೆರಾನ್‌ಗೆ ಎರಡು ಸರ್ವೋ (ಪಟ್ಟಿ ಅಲ್ಲಾಡಿಸುವ ಪುಟ್ಟ ಮೋಟಾರ್) ಇದ್ದು, ರಿಸೀವರ್‌ನಲ್ಲಿ ಬೇರೆ ಬೇರೆ ಚಾನೆಲ್‌ಗೆ ಕೊಟ್ಟಿದ್ದರೆ ರೇಡಿಯೊದಲ್ಲೇ ಆಗುತ್ತದೆ. ಮೇಲಕ್ಕೆ ಎಷ್ಟು ಏಳುತ್ತದೋ ಅದರ ಅರ್ಧ ಕೆಳಕ್ಕೆ ಇಳಿಯಲಿ, ಅಲ್ಲಿಂದ ಶುರು ಮಾಡಿ. ವೈ ತಂತಿಯಲ್ಲಿ ಎರಡನ್ನೂ ಒಂದೇ ಚಾನೆಲ್‌ಗೆ ಕೊಟ್ಟಿದ್ದರೆ ಇದು ಆಗುವುದಿಲ್ಲ, ಸರ್ವೋ ತೋಳನ್ನೇ ಓರೆ ಕೂರಿಸಬೇಕು.

ರಡ್ಡರ್‌ರಾಯ
ಮಿಕ್ಸ್ ಹಾಕಿದರೆ ಒಂದು ತೊಂದರೆ. ಸೈಡ್ ಸ್ಲಿಪ್ ಮಾಡುವಾಗ ಏಲೆರಾನ್ ಒಂದು ಕಡೆ, ರಡ್ಡರ್ ಇನ್ನೊಂದು ಕಡೆ ಬೇಕು. ಮಿಕ್ಸ್ ಎದುರು ನಿಲ್ಲುತ್ತದೆ.

ಮೂರನೇಗಾಲಿ
ಸೈಡ್ ಸ್ಲಿಪ್ ಎಲ್ಲ ಯಾಕೆ ಮಾಡಬೇಕು? ಫ್ಲ್ಯಾಪ್ ಇದ್ದರೆ ಸ್ವಿಚ್ ಒತ್ತಿದರೆ ಆಯಿತಲ್ಲ.

ರಡ್ಡರ್‌ರಾಯ
ಇಲ್ಲೇ ಇರುವುದು ಮಜಾ. ಜೆ-3ಗೆ ಫ್ಲ್ಯಾಪ್ ಇಲ್ಲವೇ ಇಲ್ಲ. ಫ್ಲ್ಯಾಪ್ ಬಂದಿದ್ದು 1949ರ ಸೂಪರ್ ಕಬ್‌ಗೆ. ರೆಕ್ಕೆಯ ತಳ ಹತ್ತಿರ ಹತ್ತಿರ ಚಪ್ಪಟೆ, ತೂಕ ಹಗುರ, ನೆಲದ ಹತ್ತಿರ ಬಂದರೆ ತೇಲಿಕೊಂಡೇ ಹೋಗುತ್ತದೆ. ಮರದ ಸಾಲಿನ ಮೇಲಿಂದ ಬಂದರೆ ಎತ್ತರ ಉಳಿದುಬಿಡುತ್ತದೆ. ಮೂಗು ತಗ್ಗಿಸಿದರೆ ವೇಗ ಏರುತ್ತದೆ, ಮತ್ತೆ ತೇಲುತ್ತದೆ, ಮೈದಾನ ಮುಗಿದೇ ಹೋಗುತ್ತದೆ.

ಹಳಬರು ಮಾಡುತ್ತಿದ್ದದ್ದು ಸ್ಲಿಪ್. ಗಾಳಿ ಎಡದಿಂದ ಬರುತ್ತಿದೆ ಅಂದುಕೊಳ್ಳಿ. ಎಡ ರೆಕ್ಕೆ ಸ್ವಲ್ಪ ತಗ್ಗಿಸಿ, ರಡ್ಡರ್ ಬಲಕ್ಕೆ ಹಿಡಿಯಿರಿ. ವಿಮಾನ ತಿರುಗುವುದಿಲ್ಲ, ಮೈಯ ಪಕ್ಕವನ್ನು ಗಾಳಿಗೆ ಒಡ್ಡಿಕೊಂಡು ಓರೆಯಾಗಿ ಇಳಿಯುತ್ತದೆ. ವೇಗ ಏರದೆ ಎತ್ತರ ಕರಗುತ್ತದೆ. ಮೂಗು ಮೇಲೇಳಲು ಮಾತ್ರ ಬಿಡಬಾರದು, ಎಲಿವೇಟರ್ ಎಳೆಯಬಾರದು. ನೆಲಕ್ಕೆ ಇನ್ನೂ ಎತ್ತರ ಇರುವಾಗಲೇ ಎರಡೂ ಕಡ್ಡಿ ಮೆಲ್ಲಗೆ ಬಿಟ್ಟು ನೆಟ್ಟಗೆ ಮಾಡಿ ಇಳಿಸಿ. ಮೊದಲು ತುಂಬ ಮೇಲೆ ಆಡಿ ನೋಡಿ, ಹಳದಿ ಹೊಟ್ಟೆ ಓರೆಯಾಗಿ ಕಂಡಾಗ ಕೈ ಗಾಬರಿ ಬೀಳಬಾರದು.

ಒಮ್ಮೆ ಕೈಗೆ ಹತ್ತಿದರೆ ಕಬ್ ಬಿಟ್ಟು ಬೇರೇನೂ ಬೇಡ ಅನ್ನಿಸುತ್ತದೆ. ಟ್ರೇನರ್‌ನಲ್ಲಿ, ಗೈರೊದಲ್ಲಿ, ಫ್ಲ್ಯಾಪ್ ಸ್ವಿಚ್‌ನಲ್ಲಿ ಈ ಖುಷಿ ಇಲ್ಲ.

ಮೂರನೇಗಾಲಿ
ಚೆನ್ನಾಗಿ ಬರೆದಿದ್ದೀರಿ, ಒಪ್ಪಿದೆ. ಆದರೂ ಫ್ಲ್ಯಾಪ್ ಬರೀ ಸ್ವಿಚ್ ಅಲ್ಲ ಸರ್. ಇಳಿಸಿದ ತಕ್ಷಣ ಸೆಸ್ನಾ ಮೂಗೆತ್ತುತ್ತದೆ, ಅದಕ್ಕೆ ಎಲಿವೇಟರ್ ಸ್ವಲ್ಪ ಕೆಳಕ್ಕೆ ಮಿಕ್ಸ್ ಬೇಕು. ಫ್ಲ್ಯಾಪ್ ಮೆಲ್ಲಗೆ ಇಳಿಯುವ ಹಾಗೆ ಸರ್ವೋ ವೇಗವನ್ನೂ ಕಮ್ಮಿ ಮಾಡಬೇಕು. ಲ್ಯಾಂಡಿಂಗ್ ಬಿಟ್ಟು ಮತ್ತೆ ಮೇಲೇರುವಾಗ ಥಟ್ಟನೆ ಪೂರ್ತಿ ಮೇಲೆತ್ತಿದರೆ ವಿಮಾನ ದಬಕ್ಕನೆ ಕುಸಿಯುತ್ತದೆ. ಮೊದಲು ಥ್ರಾಟಲ್, ವೇಗ ಬಂದ ಮೇಲೆ ಅರ್ಧ, ಆಮೇಲೆ ಪೂರ್ತಿ.

ತೇಲುಮೋಡ
ಕಬ್‌ನಲ್ಲಿ ಎರಡೂ ಏಲೆರಾನ್ ಕೆಳಗೆ ಇಳಿಸಿ ಫ್ಲ್ಯಾಪ್ ಥರ ಮಾಡಬಹುದಲ್ಲ? ರೇಡಿಯೊದಲ್ಲಿ ಆ ಆಯ್ಕೆ ಇದೆ.

ಬಾಲ್ಸಾಪ್ರಿಯ
ಬೇಡ. ರೆಕ್ಕೆಯ ತುದಿಯಲ್ಲಿ ಏಲೆರಾನ್ ಇಳಿದರೆ ಸ್ಟಾಲ್ ತುದಿಯಿಂದಲೇ ಶುರುವಾಗುತ್ತದೆ, ಅದೂ ಲ್ಯಾಂಡಿಂಗ್ ಹೊತ್ತಿಗೆ. ಅಡ್ವರ್ಸ್ ಯಾ ಕೂಡ ಜಾಸ್ತಿ ಆಗುತ್ತದೆ. ಇರುವ ರೋಗಕ್ಕೆ ಇನ್ನೊಂದು ಸೇರಿಸಿದಂತೆ.

ಸದ್ದುಗಾರ
ನೀವೆಲ್ಲ ಎಲೆಕ್ಟ್ರಿಕ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಕಬ್‌ಗೆ ಫೋರ್ ಸ್ಟ್ರೋಕ್ ಎಂಜಿನ್ ಹಾಕಿ, ಆ ಟಕಟಕ ಸದ್ದು ಕೇಳಿ, ಆಮೇಲೆ ಹೇಳಿ.

ತೇಲುಮೋಡ
ಆಮೇಲೆ ವಿಮಾನದ ತುಂಬ ಎಣ್ಣೆ ಒರೆಸಿ, ಆಮೇಲೆ ಹೇಳಿ.

ಸದ್ದುಗಾರ
ಎಣ್ಣೆ ಒರೆಸುವುದೂ ಹವ್ಯಾಸದ ಭಾಗ ಮಾರಾಯ. ಬ್ಯಾಟರಿ ತಂದು ಸಿಕ್ಕಿಸಿ ಹಾರಿಸಿ ಮನೆಗೆ ಹೋದರೆ ಅದೆಂಥ ಹವ್ಯಾಸ?

ಲೆಕ್ಕದಮೇಷ್ಟ್ರು
ಬ್ಯಾಟರಿಗೂ ಶಿಸ್ತು ಬೇಕು ಸ್ವಾಮಿ. ಲಿಪೊ ಬ್ಯಾಟರಿಯ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಎತ್ತಿಡುವಾಗ 3.8ರ ಸುಮಾರಿಗೆ ಇರಬೇಕು. ತುಂಬಿಸಿ ವಾರಗಟ್ಟಲೆ ಇಟ್ಟರೆ ಉಬ್ಬುತ್ತದೆ. ಚಾರ್ಜ್‌ಗೆ ಹಾಕಿ ಎದ್ದು ಹೋಗಬಾರದು, ಬೆಂಕಿ ಹಿಡಿಯದ ಜಾಗದಲ್ಲೇ ಇಡಬೇಕು. ಟೈಮರ್ ಹಾಕಿಕೊಂಡು, ಇನ್ನೊಂದು ಸಲ ಮೇಲೇರುವಷ್ಟು ಚಾರ್ಜ್ ಉಳಿದಿರುವಾಗಲೇ ಇಳಿಯಬೇಕು.

ಹೊಸರೆಕ್ಕೆ
ಎಲ್ಲ ಓದಿ ಒಂದು ಕಡೆಗೆ ಬಂದಿದ್ದೇನೆ. ಕಬ್, 1.4 ಮೀಟರ್, ಫೋಮ್. ಬಾಲ್ಸಾ ಆಮೇಲೆ ನೋಡೋಣ. ಈಗ ಒಂದೇ ಭಯ ಉಳಿದಿದೆ: ಬಾಲದ ಗಾಲಿಯ ವಿಮಾನ ಯಾವತ್ತೂ ಓಡಿಸಿಲ್ಲ. ಟೇಕಾಫ್‌ನಲ್ಲಿ ಎಡಕ್ಕೆ ಎಳೆದು ಸುತ್ತು ಹೊಡೆಯುವ ಹಾಗೆ ವೀಡಿಯೊಗಳಲ್ಲಿ ಕಾಣುತ್ತದೆ.

ಬಾಲ್ಸಾಪ್ರಿಯ
ಬಾಲ್ಸಾ ಬಿಟ್ಟಿರಿ ಅಂತ ಸ್ವಲ್ಪ ಬೇಜಾರು. ಆದರೆ ಸರಿಯಾಗೇ ಮಾಡಿದ್ದೀರಿ. ಫೋಮ್ ಮುರಿದರೆ ಸಂಜೆಯೊಳಗೆ ಅಂಟಿಸಬಹುದು. ಬಾಲ್ಸಾ ಮುರಿದರೆ ಫಿಲ್ಮ್ ಕಿತ್ತು, ರಿಬ್ ಕೂರಿಸಿ, ಮತ್ತೆ ಇಸ್ತ್ರಿ ಹಾಕಬೇಕು.

ಎಡಕ್ಕೆ ಎಳೆಯುವುದಕ್ಕೆ ಕಾರಣ ಇದೆ. ಹಿಂದಿನಿಂದ ನೋಡಿದರೆ ಪ್ರಾಪ್ ಬಲಕ್ಕೆ ಸುತ್ತುತ್ತದೆ. ಅದರ ಗಾಳಿ ಮೈ ಸುತ್ತ ಸುರುಳಿಯಾಗಿ ಹೋಗಿ ರಡ್ಡರ್‌ನ ಎಡ ಪಕ್ಕಕ್ಕೆ ಹೊಡೆಯುತ್ತದೆ. ಪ್ರಾಪ್ ಸುತ್ತುವುದಕ್ಕೆ ಎದುರಾಗಿ ಬರುವ ಟಾರ್ಕ್ ಕೂಡ ಎಡಗಾಲಿಯನ್ನು ಒತ್ತುತ್ತದೆ. ಜೊತೆಗೆ ಈ ಥರದ ವಿಮಾನದಲ್ಲಿ ತೂಕ ಮುಂದಿನ ಗಾಲಿಗಳಿಗಿಂತ ಹಿಂದೆ ಇರುತ್ತದೆ. ಬಾಲ ಒಮ್ಮೆ ಪಕ್ಕಕ್ಕೆ ಹೊರಟರೆ ಆ ತೂಕ ತಾನೇ ಮುಂದೆ ಬರಲು ನೋಡುತ್ತದೆ, ಸುತ್ತು ಇನ್ನೂ ಬಿಗಿಯಾಗುತ್ತದೆ. ಸೆಸ್ನಾದಲ್ಲಿ ತೂಕ ಹಿಂದಿನ ಗಾಲಿಗಳ ಮುಂದಿದೆ, ಹಾಗಾಗಿ ತಾನೇ ನೆಟ್ಟಗಾಗುತ್ತದೆ.

ಥ್ರಾಟಲ್ ಒಂದೇ ಸಲ ಒತ್ತಬೇಡಿ. ಗಾಳಿಗೆ ಎದುರಾಗಿ ನಿಲ್ಲಿಸಿ, ಎಲಿವೇಟರ್ ಪೂರ್ತಿ ಮೇಲಕ್ಕೆ ಹಿಡಿದು ಶುರು ಮಾಡಿ, ಬಾಲದ ಗಾಲಿ ನೆಲಕ್ಕೆ ಒತ್ತಿಕೊಂಡಿದ್ದರೆ ದಿಕ್ಕು ಕೈಯಲ್ಲಿ ಇರುತ್ತದೆ. ಥ್ರಾಟಲ್ ಏರಿಸುತ್ತಾ ಬಲಕ್ಕೆ ಸಣ್ಣ ಸಣ್ಣ ರಡ್ಡರ್. ಓಟ ಸಿಕ್ಕಂತೆ ಎಲಿವೇಟರ್ ಮೆಲ್ಲಗೆ ಬಿಡಿ, ಬಾಲ ತಾನೇ ಏಳುತ್ತದೆ. ಇಲ್ಲೇ ಸುಮಾರು ಜನ ಎಡವುವುದು: ಎಲಿವೇಟರ್ ಹಿಡಿದುಕೊಂಡೇ ಇರುತ್ತಾರೆ, ವೇಗ ಸಾಲದೆಯೇ ವಿಮಾನ ಚಂಗನೆ ನೆಗೆಯುತ್ತದೆ, ಎಡ ರೆಕ್ಕೆ ಮೊದಲು ಬೀಳುತ್ತದೆ.

ತೇಲುಮೋಡ
ಮುಂದಿನ ಎರಡು ಗಾಲಿ ಮುಂಭಾಗ ತುಸು ಒಳಮುಖ ಇದೆಯಾ ನೋಡಿ. ಹೊರಮುಖ ಇದ್ದರೆ ಕಂಬಿ ಕೈಯಲ್ಲೇ ಬಗ್ಗಿಸಿ ಸರಿ ಮಾಡಿ.

ರಡ್ಡರ್‌ರಾಯ
ಈ ಒಳಮುಖ ಹೊರಮುಖದ ಜಗಳ ನಿಜವಾದ ವಿಮಾನ ಹಾರಿಸುವವರಲ್ಲೂ ಇದೆ. ನೆಟ್ಟಗಿದ್ದರೆ ಸಾಕು ಅನ್ನುತ್ತೇನೆ.

ತೇಲುಮೋಡ
ನೆಟ್ಟಗೆ ಇಟ್ಟರೆ ಒಂದು ಗಟ್ಟಿ ಲ್ಯಾಂಡಿಂಗ್ ಸಾಕು, ಹೊರಮುಖ ಆಗುತ್ತದೆ. ಅದಕ್ಕೇ ಮೊದಲೇ ತುಸು ಒಳಗೆ.

ಸಂಜೆಗಾಳಿ
ಈ ಚರ್ಚೆ ಓದಲು ಮಜಾ ಇದೆ. ನಂದೊಂದು ಸಣ್ಣ ಪ್ರಶ್ನೆ, ನಗಬೇಡಿ. ಕಬ್ ಒಳಗೆ ಪೈಲಟ್ ಗೊಂಬೆ ಕೂರಿಸುತ್ತಿದ್ದೇನೆ. ಮುಂದಿನ ಸೀಟಾ, ಹಿಂದಿನ ಸೀಟಾ?

ಅರ್ಧಥ್ರಾಟಲ್
ಮುಂದೆ. ಓಡಿಸುವವನು ಮುಂದೆ ತಾನೇ ಕೂರುವುದು.

ಎರಡುರೆಕ್ಕೆ
ಜೆ-3 ಆದರೆ ಹಿಂದೆ! ಒಬ್ಬರೇ ಹಾರಿಸುವಾಗ ಹಿಂದಿನ ಸೀಟೇ, ಸಿಜಿ ಸರಿಹೋಗಲಿ ಅಂತ. ಪೆಟ್ರೋಲ್ ಟ್ಯಾಂಕ್ ಕೂಡ ಮುಂದೆ, ಗಾಜಿನ ಹತ್ತಿರ ಇದೆ. ಅದರ ಮುಚ್ಚಳದಿಂದ ಒಂದು ತಂತಿ ಮೇಲೆ ಚಾಚಿರುತ್ತದಲ್ಲ, ಅದೇ ಪೆಟ್ರೋಲ್ ಮೀಟರ್. ತಂತಿಯ ಕೆಳಗೆ ಟ್ಯಾಂಕ್ ಒಳಗೆ ತೇಲುವ ಕಾರ್ಕ್. ಪೆಟ್ರೋಲ್ ಇಳಿದಂತೆ ತಂತಿಯೂ ಇಳಿಯುತ್ತದೆ. ನಿಮ್ಮ ಮಾಡೆಲ್‌ನಲ್ಲಿ ಆ ತಂತಿ ಇಲ್ಲದಿದ್ದರೆ ಒಂದು ಗುಂಡುಸೂಜಿ ಚುಚ್ಚಿಡಿ, ಕಳೆ ಬರುತ್ತದೆ.

ಅರ್ಧಥ್ರಾಟಲ್
ಮೇಡಂ, ಸೂಪರ್ ಕಬ್‌ನಲ್ಲಿ ಮುಂದೆಯೇ ಕೂರುತ್ತಾರೆ. ಫೋಟೊ ನೋಡಿದ್ದೇನೆ.

ಎರಡುರೆಕ್ಕೆ
ಸೂಪರ್ ಕಬ್‌ನಲ್ಲಿ ಹೌದು. ಕೇಳಿದ್ದು ಜೆ-3. ಸೂಪರ್ ಕಬ್‌ನ ಎಂಜಿನ್ ಪೂರ್ತಿ ಮುಚ್ಚಿರುತ್ತದೆ. ಜೆ-3ಯಲ್ಲಿ ಸಿಲಿಂಡರ್ ಎರಡೂ ಪಕ್ಕ ಹೊರಗೆ ಚಾಚಿರುತ್ತವೆ. ಅದನ್ನು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಸಂಜೆಗಾಳಿ
ಸಿಲಿಂಡರ್ ಹೊರಗಿವೆ. ಹಿಂದೆ ಕೂರಿಸಿದೆ. ಈಗ ಸಿಜಿ ಹಿಂದೆ ಹೋಯಿತು 😅

ಲೆಕ್ಕದಮೇಷ್ಟ್ರು
ಗೊಂಬೆ ಹಗುರ ಫೋಮ್‌ನದ್ದಿರಲಿ. ಬ್ಯಾಟರಿ ಅಷ್ಟು ಮುಂದೆ ಸರಿಸಿ. ಕಬ್‌ನ ರೆಕ್ಕೆಯ ಅಗಲ ಉದ್ದಕ್ಕೂ ಹತ್ತಿರ ಹತ್ತಿರ ಒಂದೇ, ಅಳೆಯುವುದು ಸುಲಭ. ಮುಂದಂಚಿನಿಂದ ಅಗಲದ ಕಾಲುಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಬೆರಳಿಟ್ಟು ಎತ್ತಿದಾಗ ಸಮ ನಿಲ್ಲಬೇಕು, ಮೂಗು ತುಸು ತಗ್ಗಿದರೆ ಇನ್ನೂ ಒಳ್ಳೆಯದು. ಬ್ಯಾಟರಿ ಹಾಕಿದ ಮೇಲೆ ನೋಡಬೇಕು, ಖಾಲಿ ವಿಮಾನ ಎತ್ತಿ ನೋಡಿದರೆ ಪ್ರಯೋಜನ ಇಲ್ಲ.

ಹೊಸರೆಕ್ಕೆ
ಪೆಟ್ಟಿಗೆ ಬಂತು! ಜೋಡಿಸುತ್ತಿದ್ದೇನೆ. ರೆಕ್ಕೆ ಕೆಳಗಿನ ಸ್ಟ್ರಟ್ ಕಂಬಿಗಳನ್ನು ಪ್ರತಿ ಸಲ ಹಾಕಿ ಬಿಚ್ಚುವುದು ತಲೆನೋವು. ಅದು ಬರೀ ಅಂದಕ್ಕಾ? ಮೊದಲ ಹಾರಾಟಕ್ಕೆ ಬಿಟ್ಟರೆ ನಡೆಯುತ್ತದಾ?

ಬಾಲ್ಸಾಪ್ರಿಯ
ಮ್ಯಾನುಯಲ್‌ನಲ್ಲಿ ಅಂದಕ್ಕೆ ಅಂತ ಬರೆದಿದ್ದರೆ ಮಾತ್ರ ಬಿಡಿ. ಕೆಲವು ಮಾಡೆಲ್‌ನಲ್ಲಿ ರೆಕ್ಕೆ ನಡುವಿನ ಕಾರ್ಬನ್ ಕೊಳವೆಯೇ ಎಲ್ಲ ಭಾರ ಹೊರುತ್ತದೆ, ಕೆಲವದರಲ್ಲಿ ಸ್ಟ್ರಟ್ ಇಲ್ಲದಿದ್ದರೆ ಮೊದಲ ಬಿಗಿ ತಿರುವಿನಲ್ಲೇ ರೆಕ್ಕೆ ಮೇಲಕ್ಕೆ ಮಡಚುತ್ತದೆ. ಕಣ್ಣಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಹೊಸರೆಕ್ಕೆ
ಮ್ಯಾನುಯಲ್ ಆರನೇ ಪುಟ: "ಸ್ಟ್ರಟ್ ಇಲ್ಲದೆ ಹಾರಿಸಬೇಡಿ." ಹಾಕುತ್ತಿದ್ದೇನೆ.

ಮೂರನೇಗಾಲಿ
ಪಿನ್‌ಗೆ ಸಣ್ಣ ರಬ್ಬರ್ ಬಳೆ ತೊಡಿಸಿ, ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಸೆಸ್ನಾದ ಸ್ಟ್ರಟ್‌ನಲ್ಲೂ ಇದೇ ಗೋಳು, ಇದೊಂದರಲ್ಲಿ ಕಬ್‌ನವರ ಜೊತೆ ಜಗಳ ಇಲ್ಲ.